ರಕ್ತ ಹೇಳುವುದು, ಫಾರಂ ಹೇಳಬೇಕಾದದ್ದು

ಜೀವ ವಿಮೆಗೆ ‘ಮೆಡಿಕಲ್’ ಇದೆ ಎಂದು ಏಜೆಂಟ್ ಫೋನು ಮಾಡಿದ ಕೂಡಲೇ ಅನೇಕ ಮನೆಗಳಲ್ಲಿ ತಯಾರಿ ಶುರುವಾಗುತ್ತದೆ. ಎರಡು ದಿನ ಸಿಹಿ ಬಂದ್. ಸಿಗರೇಟಿಗೆ ರಜೆ. ಬಿಪಿ ಮಾತ್ರೆಯನ್ನು ಆಗಾಗ ಮರೆಯುವವರು ಅಂದು ತಪ್ಪದೆ ನುಂಗುತ್ತಾರೆ; ನುಂಗಿದ್ದನ್ನು ಮಾತ್ರ ಡಾಕ್ಟರಿಗೆ ಹೇಳುವುದಿಲ್ಲ. ‘ಒಂದ್ಸಲ ಪಾಸಾಗಿಬಿಟ್ರೆ ಆಯ್ತು’ ಎನ್ನುತ್ತಾರೆ ಮನೆಯವರು.

ಈ ಪಾಸು-ಫೇಲಿನ ಮಾತೇ ದಾರಿ ತಪ್ಪಿಸುತ್ತದೆ. ವಿಮಾ ಕಂಪನಿಗೆ ಆ ಬೆಳಗ್ಗೆ ಬೇಕಿರುವುದು ಒಂದು ಲೆಕ್ಕ. ಇದೇ ವಯಸ್ಸಿನ, ಇದೇ ತೂಕ, ಬಿಪಿ, ಶುಗರ್ ಇರುವ ಸಾವಿರ ಮಂದಿಯಲ್ಲಿ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಎಷ್ಟು ಮಂದಿ ತೀರಿಕೊಳ್ಳಬಹುದು, ಅದಕ್ಕೆ ತಕ್ಕ ಕಂತು ಎಷ್ಟು? ಉತ್ತರ ‘ಆಗಲಿ’ ಎಂದು ಬರಬಹುದು. ‘ಕಂತು ಸ್ವಲ್ಪ ಹೆಚ್ಚು ಕಟ್ಟಿ’ ಎಂದೋ ‘ಆರು ತಿಂಗಳು ಬಿಟ್ಟು ಬನ್ನಿ’ ಎಂದೋ ಬರಬಹುದು. ಕೆಲವರಿಗೆ ‘ಆಗುವುದಿಲ್ಲ’ ಎಂದೂ ಬರುತ್ತದೆ. ನಿಜವಾದ ಪರೀಕ್ಷೆ ನಡೆಯುವುದು ಎಷ್ಟೋ ಕಾಲದ ನಂತರ, ಪಾಲಿಸಿ ಮಾಡಿಸಿದವರು ಇಲ್ಲವಾದಾಗ. ಅವರ ಹೆಂಡತಿಯೋ ತಾಯಿಯೋ ಕ್ಲೇಮಿನ ಅರ್ಜಿ ಹಿಡಿದು ಶಾಖೆಗೆ ಬಂದಾಗ ಕಂಪನಿ ಮೊದಲು ಹೊರತೆಗೆಯುವುದು ಹಳೆಯ ಪ್ರಪೋಸಲ್ ಫಾರಂ. ಅದರಲ್ಲಿ ಹೌದು, ಇಲ್ಲ ಎಂದು ಬರೆದ ಉತ್ತರಗಳ ಮೇಲೆ ಆ ಮನೆಯ ಮುಂದಿನ ಬದುಕು ನಿಂತಿರುತ್ತದೆ.

ಯಾರಿಗೆ ಯಾವ ಪರೀಕ್ಷೆ ಎಂಬುದನ್ನು ಕಂಪನಿಗಳು ಮೊದಲೇ ಕೋಷ್ಟಕ ಮಾಡಿಟ್ಟುಕೊಂಡಿರುತ್ತವೆ. ವಯಸ್ಸು ಒಂದು ಕಡೆ, ಕೇಳಿದ ಮೊತ್ತ ಇನ್ನೊಂದು ಕಡೆ. ಇಪ್ಪತ್ತೆಂಟರ ಹುಡುಗ ಐದು ಲಕ್ಷದ ಪಾಲಿಸಿ ಕೇಳಿದರೆ ಹೆಚ್ಚಾಗಿ ಫಾರಂ ತುಂಬಿದರೆ ಮುಗಿಯಿತು; ಏಜೆಂಟರು ಅದನ್ನು ‘ನಾನ್ ಮೆಡಿಕಲ್’ ಎನ್ನುತ್ತಾರೆ. ನಲವತ್ತೈದರವರು ಒಂದು ಕೋಟಿಯ ಟರ್ಮ್ ಪಾಲಿಸಿ ಕೇಳಿದರೆ ರಕ್ತ, ಮೂತ್ರ, ಇಸಿಜಿ, ಕೆಲವೊಮ್ಮೆ ಟ್ರೆಡ್‌ಮಿಲ್. ಆದಾಯವನ್ನೂ ನೋಡುತ್ತಾರೆ. ವರ್ಷಕ್ಕೆ ಐದು ಲಕ್ಷ ದುಡಿಯುವವರು ಐದು ಕೋಟಿಗೆ ವಿಮೆ ಕೇಳಿದರೆ ಆರೋಗ್ಯ ಎಷ್ಟೇ ಚೆನ್ನಾಗಿದ್ದರೂ ಫೈಲು ಮುಂದೆ ಹೋಗದು.

ಮೆಡಿಕಲ್ ದಿನದ ಬೆಳಗ್ಗೆ ಹೀಗಿರುತ್ತದೆ. ಹತ್ತು ಹನ್ನೆರಡು ಗಂಟೆ ಹೊಟ್ಟೆಗೆ ಏನೂ ಇಲ್ಲ. ಲ್ಯಾಬಿನ ಹುಡುಗ ಐಸ್ ಇಟ್ಟ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾನೆ. ಸೂಜಿಗಿಂತ ಮೊದಲು ಅವನು ಕೇಳುವುದು ಗುರುತಿನ ಚೀಟಿ. ಅರ್ಜಿದಾರರ ಬದಲು ಆರೋಗ್ಯವಾಗಿರುವ ತಮ್ಮನೋ ಗೆಳೆಯನೋ ತೋಳು ಚಾಚಬಾರದಲ್ಲ. ಹೆಚ್ಚಿನ ಕಡೆ ಫೋಟೊವನ್ನೂ ತೆಗೆದುಕೊಳ್ಳುತ್ತಾರೆ. ಆಮೇಲೆ ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು. ನೇರಳೆ ಮುಚ್ಚಳದ್ದು ರಕ್ತಕಣಗಳ ಎಣಿಕೆಗೆ ಮತ್ತು ಮೂರು ತಿಂಗಳ ಶುಗರಿಗೆ. ಬೂದು ಮುಚ್ಚಳದ್ದು ಖಾಲಿ ಹೊಟ್ಟೆಯ ಶುಗರಿಗೆ; ಅದರೊಳಗೆ ಫ್ಲೋರೈಡ್ ಇರುತ್ತದೆ, ಇಲ್ಲವಾದರೆ ಲ್ಯಾಬ್ ತಲುಪುವಷ್ಟರಲ್ಲಿ ರಕ್ತಕಣಗಳೇ ಸಕ್ಕರೆಯನ್ನು ತಿಂದುಬಿಡುತ್ತವೆ. ಹಳದಿ ಅಥವಾ ಕೆಂಪು ಮುಚ್ಚಳದ್ದು ಲಿವರ್, ಕಿಡ್ನಿ, ಕೊಲೆಸ್ಟ್ರಾಲ್, ಎಚ್‌ಐವಿ, ಹೆಪಟೈಟಿಸ್-ಬಿಗೆ. ಎಲ್ಲದರ ಮೇಲೂ ಬಾರ್‌ಕೋಡ್. ವೈದ್ಯರ ಬಳಿ ಹೋದಾಗ ಎತ್ತರ, ತೂಕ, ಹೊಟ್ಟೆಯ ಸುತ್ತಳತೆ, ಉಸಿರೆಳೆದಾಗ ಮತ್ತು ಬಿಟ್ಟಾಗ ಎದೆಯ ಅಳತೆ. ಮೈಮೇಲಿನ ಮಚ್ಚೆ, ಹಳೆಯ ಆಪರೇಷನ್ನಿನ ಗಾಯದ ಗುರುತು. ಬಿಪಿ ಹೆಚ್ಚು ಬಂದರೆ ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಅಳೆಯುತ್ತಾರೆ.

ಎರಡು ದಿನದ ಪಥ್ಯ ಎಲ್ಲಿ ಸೋಲುತ್ತದೆ ಎಂದು ಇಲ್ಲಿ ಗೊತ್ತಾಗುತ್ತದೆ. ಖಾಲಿ ಹೊಟ್ಟೆಯ ಶುಗರನ್ನು ಸ್ವಲ್ಪ ಇಳಿಸಬಹುದು. ಎಚ್‌ಬಿಎ1ಸಿ ಎನ್ನುವ ಪರೀಕ್ಷೆಯನ್ನು ಹಾಗೆ ಇಳಿಸಲಾಗದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ರಕ್ತದಲ್ಲಿದ್ದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಈ ಸಂಖ್ಯೆ ಎರಡು ಮೂರು ತಿಂಗಳ ಸರಾಸರಿ. ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, 5.7ರಿಂದ 6.4ರ ನಡುವೆ ಇದ್ದರೆ ಕಾಯಿಲೆಯ ಹೊಸ್ತಿಲು ಎಂದು ವೈದ್ಯರು ಎಣಿಸುತ್ತಾರೆ.

ತಂಬಾಕಿನದೂ ಅದೇ ಕತೆ. ನಿಕೋಟಿನ್ ಕೆಲವೇ ಗಂಟೆಗಳಲ್ಲಿ ದೇಹದಿಂದ ಕರಗಿಹೋಗುತ್ತದೆ. ಆದರೆ ಅದರಿಂದ ಹುಟ್ಟುವ ಕೋಟಿನಿನ್ ಎಂಬ ವಸ್ತು ಮೂತ್ರದಲ್ಲಿ ಹಲವು ದಿನ ಉಳಿದಿರುತ್ತದೆ. ಇಲ್ಲಿ ನಮ್ಮ ಕಡೆಯವರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು, ಕಡ್ಡಿಪುಡಿ ಒತ್ತುವವರು ‘ತಂಬಾಕು ಸೇವಿಸುತ್ತೀರಾ?’ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ‘ಇಲ್ಲ’ ಎಂದುಬಿಡುತ್ತಾರೆ. ಅವರ ಲೆಕ್ಕದಲ್ಲಿ ತಂಬಾಕು ಅಂದರೆ ಬೀಡಿ, ಸಿಗರೇಟು. ಕೋಟಿನಿನ್ನಿಗೆ ಆ ವ್ಯತ್ಯಾಸ ತಿಳಿಯದು, ಫಾರಂ ಕೂಡ ಯಾವುದೇ ರೂಪದ ತಂಬಾಕಿನ ಬಗ್ಗೆ ಕೇಳುತ್ತದೆ. ಊಟದ ನಂತರ ಒಂದೇ ಒಂದು ಕವಳ ಹಾಕುವವರೂ ಅದನ್ನು ಬರೆಯಬೇಕು.

ಲಿವರಿನ ಜಿಜಿಟಿ ಎಂಬ ಕಿಣ್ವ ಹೆಚ್ಚಿದ್ದರೆ ಕಂಪನಿಯ ಅನುಮಾನ ಕುಡಿತದ ಕಡೆ ಹೋಗುತ್ತದೆ. ಆದರೆ ಕೊಬ್ಬು ತುಂಬಿದ ಲಿವರಿನಲ್ಲೂ, ಕೆಲವು ಮಾತ್ರೆಗಳಿಂದಲೂ ಅದು ಏರುತ್ತದೆ. ಆದ್ದರಿಂದ ಒಳ್ಳೆಯ ಅಂಡರ್‌ರೈಟರ್, ಅಂದರೆ ಕಂಪನಿಯಲ್ಲಿ ಫೈಲು ನೋಡಿ ಅಪಾಯ ತೂಗುವವರು, ಒಂದೇ ಸಂಖ್ಯೆ ನೋಡಿ ತೀರ್ಮಾನಿಸುವುದಿಲ್ಲ. ಇನ್ನೊಂದು ಪರೀಕ್ಷೆ ಬರೆಯುತ್ತಾರೆ, ಮನೆವೈದ್ಯರ ಚೀಟಿ ಕೇಳುತ್ತಾರೆ. ಅರ್ಜಿದಾರರಿಗೆ ಇದು ಕಿರಿಕಿರಿ. ಆದರೂ ಪಾಲಿಸಿ ಕೊಡುವ ಮೊದಲು ಹತ್ತು ಪ್ರಶ್ನೆ ಕೇಳುವ ಕಂಪನಿಯನ್ನು, ಏನೂ ಕೇಳದೆ ಪಾಲಿಸಿ ಕೊಟ್ಟು ಸಾವಿನ ನಂತರ ತನಿಖೆಗೆ ಇಳಿಯುವ ಕಂಪನಿಗಿಂತ ಹೆಚ್ಚು ನಂಬಬಹುದು.

ಅಪಾಯಕ್ಕೆ ತಕ್ಕ ಕಂತು ಎಂಬ ಈ ಲೆಕ್ಕ ಹುಟ್ಟಿದ್ದರ ಹಿಂದೆಯೂ ಒಂದು ತಿರಸ್ಕಾರವಿದೆ. 1750ರ ದಶಕದ ಲಂಡನ್ನಿನಲ್ಲಿ ಜೇಮ್ಸ್ ಡಾಡ್ಸನ್ ಎಂಬ ಗಣಿತದ ಮೇಷ್ಟ್ರು ಅಮಿಕಬಲ್ ಸೊಸೈಟಿಗೆ ವಿಮೆ ಕೇಳಿ ಹೋದರು. ನಲವತ್ತೈದು ದಾಟಿದೆ, ಆಗುವುದಿಲ್ಲ ಎಂಬ ಉತ್ತರ ಬಂತು. ಆ ಸಂಸ್ಥೆ ಎಲ್ಲ ವಯಸ್ಸಿನವರಿಂದಲೂ ಒಂದೇ ಕಂತು ವಸೂಲು ಮಾಡುತ್ತಿತ್ತು. ಹಾಗಾಗಿ ವಯಸ್ಸಾದವರನ್ನು ಹೊರಗಿಡುವುದು ಬಿಟ್ಟು ಅದಕ್ಕೆ ಬೇರೆ ದಾರಿ ಇರಲಿಲ್ಲ. ವಯಸ್ಸಿಗೆ ತಕ್ಕಂತೆ ಕಂತು ಬದಲಾದರೆ ಯಾರನ್ನೂ ಹೊರಗಿಡಬೇಕಿಲ್ಲ ಎಂದು ಡಾಡ್ಸನ್ ಲೆಕ್ಕ ಹಾಕಿ ತೋರಿಸಿದರು. ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿ 1693ರಲ್ಲೇ ಬ್ರೆಸ್ಲಾವ್ ನಗರದ ಜನನ ಮರಣದ ದಾಖಲೆಗಳಿಂದ, ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬ ಪಟ್ಟಿ ಮಾಡಿದ್ದರು. ಡಾಡ್ಸನ್ನರ ಲೆಕ್ಕದ ಮೇಲೆ 1762ರಲ್ಲಿ ಇಕ್ವಿಟಬಲ್ ಸೊಸೈಟಿ ಎಂಬ ವಿಮಾ ಸಂಸ್ಥೆ ಶುರುವಾದಾಗ ಡಾಡ್ಸನ್ ತೀರಿಕೊಂಡು ಐದು ವರ್ಷವಾಗಿತ್ತು. ಇಂದಿನ ಪ್ರತಿ ಜೀವ ವಿಮಾ ಕಂಪನಿಯೂ ಅವರ ಆ ಲೆಕ್ಕದ ಮೇಲೆಯೇ ನಡೆಯುತ್ತಿದೆ.

ವಯಸ್ಸಿನ ಲೆಕ್ಕ ಸಿಕ್ಕಿತು; ಕಾಯಿಲೆಯ ಲೆಕ್ಕ ಸಿಗಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು. ಅಲ್ಲಿಯವರೆಗೆ ಕಂಪನಿಯ ಡಾಕ್ಟರು ನಾಡಿ ಹಿಡಿದು, ಮುಖ ನೋಡಿ, ಸರಿ ಅಥವಾ ಬೇಡ ಎನ್ನುತ್ತಿದ್ದರು. ನ್ಯೂಯಾರ್ಕ್ ಲೈಫ್ ಕಂಪನಿಯಲ್ಲಿ ಆಸ್ಕರ್ ರೋಜರ್ಸ್ ಎಂಬ ವೈದ್ಯರು ಮತ್ತು ಆರ್ಥರ್ ಹಂಟರ್ ಎಂಬ ಗಣಿತಜ್ಞರು ಸೇರಿ ಇದಕ್ಕೊಂದು ಅಂಕದ ಪದ್ಧತಿ ಕಟ್ಟಿದರು. 1919ರಲ್ಲಿ ಅದನ್ನು ಪ್ರಕಟಿಸಿದರು. ಆ ವಯಸ್ಸಿನ ಮಾಮೂಲಿ ಮನುಷ್ಯನಿಗೆ 100 ಅಂಕ. ಅಲ್ಲಿಂದ ಕೂಡುವುದು, ಕಳೆಯುವುದು.

ಒಂದು ಕಲ್ಪಿತ ಫೈಲು ತೆಗೆದುಕೊಳ್ಳೋಣ. ನಲವತ್ತು ವರ್ಷದವರು. ತೂಕ ಹೆಚ್ಚು, ಅದಕ್ಕೆ 25 ಕೂಡಿ. ಬಿಪಿ ಮಾತ್ರೆಯಿಂದ ಹತೋಟಿಯಲ್ಲಿದೆಯಾದರೂ ಮೇಲಿನ ಅಂಚಿನಲ್ಲಿದೆ, 50 ಕೂಡಿ. ತಂದೆ ಐವತ್ತೆರಡಕ್ಕೆ ಹೃದಯಾಘಾತದಿಂದ ಹೋದವರು, ಇನ್ನು 25. ಟ್ರೆಡ್‌ಮಿಲ್ಲಿನಲ್ಲಿ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತಿದ್ದರೂ ಇಸಿಜಿ ಗೆರೆ ಸ್ವಲ್ಪವೂ ಕದಲಲಿಲ್ಲ, 25 ಕಳೆಯಿರಿ. ಒಟ್ಟು 175. ಅಂದರೆ ಮಾಮೂಲಿಗಿಂತ 75ರಷ್ಟು ಹೆಚ್ಚು. ನಿಜವಾದ ಅಂಕಗಳು ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕದ ರೀತಿ ಮಾತ್ರ ಇದೇ. ಈ ಹೆಚ್ಚುವರಿಗೆ ಇಲ್ಲಿನ ಅಂಡರ್‌ರೈಟರುಗಳು ‘ಇಎಂಆರ್’ ಎನ್ನುತ್ತಾರೆ. ಅದರ ಮೇಲೆ ಎಕ್ಸ್‌ಟ್ರಾ ಪ್ರೀಮಿಯಂ ನಿಗದಿಯಾಗುತ್ತದೆ.

ಹಣದಲ್ಲಿ ಹೇಳುವುದಾದರೆ, ಭಾರತೀಯ ವಿಮಾದಾರರ ಅನುಭವದಿಂದ ಮಾಡಿದ 2012-14ರ ಮರಣ ಕೋಷ್ಟಕದಲ್ಲಿ ಮೂವತ್ತರ ವಯಸ್ಸಿನಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು ಒಬ್ಬರ ಸಾವು ಇದೆ. ನಲವತ್ತಕ್ಕೆ ಅದು ಒಂದೂ ಮುಕ್ಕಾಲಿನ ಹತ್ತಿರ, ಐವತ್ತಕ್ಕೆ ನಾಲ್ಕೂವರೆಯ ಹತ್ತಿರ, ಅರವತ್ತಕ್ಕೆ ಹನ್ನೊಂದು. ನಲವತ್ತರವರಿಗೆ ಒಂದು ಕೋಟಿಯ ಆ ಒಂದು ವರ್ಷದ ಬರೀ ಸಾವಿನ ಲೆಕ್ಕ ಹದಿನೇಳು ಸಾವಿರ ರೂಪಾಯಿಯ ಆಸುಪಾಸು. 175 ಅಂಕದವರಿಗೆ ಅದು ಮೂವತ್ತು ಸಾವಿರದ ಆಸುಪಾಸು. ಕಂಪನಿಯ ಸ್ವಂತ ಅನುಭವ, ಬಡ್ಡಿ, ಖರ್ಚು ಎಲ್ಲ ಸೇರಿ ನಿಜವಾದ ಕಂತು ಬೇರೆಯಾಗುತ್ತದೆ. ಆದರೆ ಎಕ್ಸ್‌ಟ್ರಾ ಎಂಬುದು ದಂಡವಲ್ಲ, ಅವಮಾನವೂ ಅಲ್ಲ ಎಂಬುದು ಈ ಸಂಖ್ಯೆಗಳಿಂದ ಸ್ಪಷ್ಟ. ಬಿಪಿ ಇದೆ ಎಂದು ಹೇಳಿ ಹೆಚ್ಚು ಕಟ್ಟಿದವರ ಮನೆಯವರನ್ನು ನಾಳೆ ಬಿಪಿಯ ಹೆಸರಲ್ಲಿ ಯಾರೂ ಪ್ರಶ್ನಿಸುವಂತಿಲ್ಲ. ಆ ನೆಮ್ಮದಿಗೂ ಸೇರಿಸಿಯೇ ಅವರು ಹಣ ಕಟ್ಟಿರುತ್ತಾರೆ.

ಬಿಪಿಯ ವಿಷಯದಲ್ಲಂತೂ ವೈದ್ಯಲೋಕ ವಿಮಾ ಕಂಪನಿಗಳಿಗೆ ಋಣಿ. 1907ರಲ್ಲಿ ಅಮೆರಿಕದ ಮಿಲ್ವಾಕಿಯ ನಾರ್ತ್‌ವೆಸ್ಟರ್ನ್ ಮ್ಯೂಚುಯಲ್ ಕಂಪನಿಯ ವೈದ್ಯ ಜಾನ್ ಫಿಶರ್ ಅರ್ಜಿದಾರರ ತೋಳಿಗೆ ಬಿಪಿ ಯಂತ್ರ ಕಟ್ಟಲು ಶುರು ಮಾಡಿದರು. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜ, ದೇಹಕ್ಕೆ ಅದು ಬೇಕಾಗಿಯೇ ಇರುತ್ತದೆ ಎಂದು ಬಹಳ ವೈದ್ಯರು ನಂಬಿದ್ದ ಕಾಲ ಅದು. ಕಂಪನಿಗಳ ಬಳಿ ಬೇರಾರ ಬಳಿಯೂ ಇಲ್ಲದ ದಾಖಲೆ ಇತ್ತು: ಅಳತೆ ತೆಗೆದ ದಿನಾಂಕ ಮತ್ತು ಸತ್ತ ದಿನಾಂಕ. ಮೇಲ್ನೋಟಕ್ಕೆ ಆರೋಗ್ಯವಾಗಿದ್ದು ಒತ್ತಡ ಮಾತ್ರ ಹೆಚ್ಚಿದ್ದವರು ಬೇಗ ಸಾಯುತ್ತಿದ್ದಾರೆ ಎಂಬುದು ಆ ದಾಖಲೆಗಳಿಂದ ಹೊರಬಂತು. ನಂತರ 1959ರಲ್ಲಿ ಅಮೆರಿಕದ ವಿಮಾ ಗಣಿತಜ್ಞರ ಸಂಘ ಲಕ್ಷಾಂತರ ಪಾಲಿಸಿಗಳನ್ನು ಒಟ್ಟುಗೂಡಿಸಿ ತೂಕ ಮತ್ತು ರಕ್ತದೊತ್ತಡದ ದೊಡ್ಡ ಅಧ್ಯಯನ ಪ್ರಕಟಿಸಿತು. ಎತ್ತರಕ್ಕೆ ಇಷ್ಟು ತೂಕ ಇರಬೇಕು ಎಂದು ದವಾಖಾನೆಯ ಗೋಡೆಗಳ ಮೇಲೆ ನೇತಾಡುತ್ತಿದ್ದ ಹಳೆಯ ಪಟ್ಟಿಗಳ ಬೇರು ಕೂಡ ವಿಮಾ ಕಂಪನಿಗಳ ಇಂಥ ಕೋಷ್ಟಕಗಳಲ್ಲೇ ಇದೆ.

ಆದರೆ ಲೆಕ್ಕದ ಹೆಸರಲ್ಲಿ ಅನ್ಯಾಯವೂ ನಡೆದಿದೆ, ಅದನ್ನು ಮರೆಯಬಾರದು. 1818ರಲ್ಲಿ ಕಲ್ಕತ್ತೆಯಲ್ಲಿ ಓರಿಯಂಟಲ್ ಕಂಪನಿ ಶುರುವಾದದ್ದು ಇಲ್ಲಿದ್ದ ಯುರೋಪಿಯನ್ನರಿಗಾಗಿ. ಭಾರತೀಯರನ್ನು ಸೇರಿಸಿಕೊಳ್ಳತೊಡಗಿದಾಗಲೂ ಅವರ ಜೀವವನ್ನು ಕೆಳದರ್ಜೆಯದೆಂದು ಎಣಿಸಿ ಭಾರಿ ಹೆಚ್ಚುವರಿ ಕಂತು ಹಾಕುತ್ತಿದ್ದರು. ರೋಗವಲ್ಲ, ಹುಟ್ಟೇ ಆ ಹೆಚ್ಚುವರಿಗೆ ಕಾರಣ. 1870ರಲ್ಲಿ ಬಾಂಬೆ ಮ್ಯೂಚುಯಲ್ ಸಂಸ್ಥೆ ಭಾರತೀಯರಿಗೂ ಮಾಮೂಲಿ ದರವನ್ನೇ ಕೊಟ್ಟಿತು. ಅಂಚೆ ಇಲಾಖೆ 1884ರಲ್ಲಿ ತನ್ನ ನೌಕರರಿಗೆ ವಿಮೆ ಶುರು ಮಾಡಿ, ಹತ್ತು ವರ್ಷದ ನಂತರ ಮಹಿಳಾ ನೌಕರರನ್ನೂ ಒಳಗೆ ತಂದಿತು. ಬೇರೆ ಕಂಪನಿಗಳು ಹೆಂಗಸರ ಜೀವಕ್ಕೆ ವಿಮೆ ಕೊಡದಿದ್ದ ಕಾಲದಲ್ಲಿ. ಮೈಸೂರು ಸಂಸ್ಥಾನ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ, ಸರ್ಕಾರಿ ನೌಕರರಿಗೆ ವಿಮೆ ತಂದಿತು. ಇವತ್ತಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಮೂಲ ಅದೇ.

ಕೆಜಿಐಡಿಯ ಉದಾಹರಣೆಯಿಂದ ಇನ್ನೊಂದು ವಿಷಯವೂ ಅರ್ಥವಾಗುತ್ತದೆ. ಎಲ್ಲ ನೌಕರರೂ ಕಡ್ಡಾಯವಾಗಿ ಸೇರಬೇಕು ಎಂದಾದಾಗ ಗಟ್ಟಿಮುಟ್ಟಾದವರೂ ಕಾಯಿಲೆಯವರೂ ಒಟ್ಟಿಗೇ ಬರುತ್ತಾರೆ, ಲೆಕ್ಕ ತಾನಾಗಿ ಸಮನಾಗುತ್ತದೆ. ಸೇರುವುದು ಅವರವರ ಇಷ್ಟ ಎಂದಾದರೆ ಕಾಯಿಲೆ ಗೊತ್ತಿರುವವರೇ ಮೊದಲು ಬರುತ್ತಾರೆ. ಮೆಡಿಕಲ್ ಹುಟ್ಟಿದ್ದು ಈ ಭಯದಿಂದ. ಬ್ಯಾಂಕುಗಳಲ್ಲಿ ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಜೀವನ್ ಜ್ಯೋತಿ ಯೋಜನೆಯಲ್ಲಿ ಎರಡು ಲಕ್ಷದ ವಿಮೆಗೆ ಮೆಡಿಕಲ್ ಇಲ್ಲ. ಬದಲಿಗೆ ಸೇರಿದ ಮೊದಲ 30 ದಿನಗಳಲ್ಲಿ ಅಪಘಾತ ಬಿಟ್ಟು ಬೇರೆ ಕಾರಣದಿಂದ ಸತ್ತರೆ ಹಣವಿಲ್ಲ ಎಂಬ ಷರತ್ತಿದೆ. ಕೋಟ್ಯಂತರ ಜನ, ಸಣ್ಣ ಮೊತ್ತ, ಒಂದು ಸರಳ ತಡೆ.

ಯಾರಿಗೆ ಯಾವ ಪಾಲಿಸಿ ಎಂಬ ವಿಂಗಡಣೆಗೂ ಮಿತಿಯಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಎಲ್‌ಐಸಿಯ ಅಗ್ಗದ ಟರ್ಮ್ ಪಾಲಿಸಿಯೊಂದು ಸರ್ಕಾರಿ, ಅರೆಸರ್ಕಾರಿ, ಹೆಸರಾಂತ ಕಂಪನಿಗಳ ಸಂಬಳದಾರರಿಗೆ ಮಾತ್ರ ಸಿಗುತ್ತಿತ್ತು. ಗ್ರಾಹಕ ಸಂಘಟನೆಯೊಂದು ಹೋರಾಡಿದ ಮೇಲೆ ಆ ಷರತ್ತು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪು ಬಂತು. ರೈತ, ಅಂಗಡಿಯವ, ಕೂಲಿಕಾರ್ಮಿಕ ಎಂಬ ಕಾರಣಕ್ಕೇ ಒಬ್ಬರ ಜೀವ ಹೆಚ್ಚು ಅಪಾಯದ್ದು ಎನ್ನಲು ಆಧಾರವೇನು? ಈ ಪ್ರಶ್ನೆ ಇಂದಿಗೂ ಕೇಳಬೇಕಾದದ್ದೇ. ಸ್ವಂತ ಸಂಪಾದನೆ ಇಲ್ಲದ ಗೃಹಿಣಿಯರಿಗೆ ವಿಮೆಯ ಮೊತ್ತ ಗಂಡನ ಆದಾಯ, ಗಂಡನ ಪಾಲಿಸಿಯ ಮೇಲೆ ನಿರ್ಧಾರವಾಗುವ ಕಡೆಗಳು ಈಗಲೂ ಇವೆ. ಮನೆಯಲ್ಲಿ ದುಡಿಯುವ ಹೆಂಗಸು ಇಲ್ಲವಾದರೆ ಆ ಸಂಸಾರಕ್ಕೆ ಆಗುವ ನಷ್ಟವನ್ನು ಹೀಗೆ ಅಳೆಯುವುದು ಸರಿಯಾದ ಅಳತೆಯಲ್ಲ.

ಈಗ ಫಾರಂಗೆ ಬರೋಣ. ಅದನ್ನು ತುಂಬುವವರು ಯಾರು? ಹೆಚ್ಚಿನ ಮನೆಗಳಲ್ಲಿ ಏಜೆಂಟರೇ. ಕಾಫಿ ಕುಡಿಯುತ್ತಾ ಹೆಸರು, ಹುಟ್ಟಿದ ದಿನ, ನಾಮಿನಿ ಕೇಳಿಕೊಳ್ಳುತ್ತಾರೆ. ಆರೋಗ್ಯದ ಪ್ರಶ್ನೆಗಳ ಪುಟ ಬಂದಾಗ ಮೇಲಿಂದ ಕೆಳಗೆ ಸಾಲಾಗಿ ‘ಇಲ್ಲ’. ಕೆಳಗೆ ಸಹಿ. ಈಗ ಕಾಗದದ ಬದಲು ಟ್ಯಾಬ್ ಬಂದಿದೆ, ಸಹಿಯ ಬದಲು ಮೊಬೈಲಿಗೆ ಓಟಿಪಿ. ಪುಟ ಓದದೆ ಒಪ್ಪುವುದು ಇನ್ನೂ ಸುಲಭವಾಗಿದೆ. ಸಹಿ ಹಾಕಿದವರೇ ಉತ್ತರಕ್ಕೆ ಹೊಣೆ. ಮೆಡಿಕಲ್ ಮಾಡಿದ್ದಾರಲ್ಲ, ಅವರೇ ಕಂಡುಹಿಡಿಯಬೇಕಿತ್ತು ಎಂಬ ವಾದವೂ ನಿಲ್ಲುವುದಿಲ್ಲ. 1962ರಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಅಂಥ ಪ್ರಕರಣ ಬಂದಿತ್ತು. ರಕ್ತಹೀನತೆ, ಕಾಲೂತ, ಏದುಸಿರಿಗೆ ಚಿಕಿತ್ಸೆ ಪಡೆದಿದ್ದ ವ್ಯಕ್ತಿಯೊಬ್ಬರು ಅದನ್ನು ಮುಚ್ಚಿಟ್ಟು 25,000 ರೂಪಾಯಿಗೆ ಪಾಲಿಸಿ ಪಡೆದಿದ್ದರು. ಕಂಪನಿಯ ವೈದ್ಯರು ಪರೀಕ್ಷಿಸಿದ್ದರು ನಿಜ. ಆದರೆ ಬೇಕೆಂದೇ ಸುಳ್ಳು ಹೇಳಿದವರಿಗೆ ಆ ಪರೀಕ್ಷೆ ರಕ್ಷಣೆಯಾಗದು ಎಂದು ಕೋರ್ಟ್ ಹೇಳಿತು.

ಈಚಿನ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ಒಂದರಲ್ಲಿ, 2014ರ ಆಗಸ್ಟ್ ಮೊದಲ ವಾರ ಒಬ್ಬರು ಫಾರಂಗೆ ಸಹಿ ಹಾಕಿದರು. ಎಂಟೂವರೆ ಲಕ್ಷದ ಪಾಲಿಸಿ ವಾರದೊಳಗೆ ಕೈಸೇರಿತು. ಸೆಪ್ಟೆಂಬರ್ 12ಕ್ಕೆ ಅವರು ತೀರಿಕೊಂಡರು. ಹೊಟ್ಟೆಯ ಕಾಯಿಲೆ, ರಕ್ತವಾಂತಿ ಇದ್ದದ್ದು ಆಸ್ಪತ್ರೆಯ ದಾಖಲೆಯಲ್ಲಿತ್ತು, ಫಾರಂನಲ್ಲಿ ಇರಲಿಲ್ಲ. ಕಂಪನಿ ಕ್ಲೇಮು ತಳ್ಳಿಹಾಕಿದಾಗ ಕೆಳಗಿನ ಗ್ರಾಹಕ ವೇದಿಕೆಗಳು ಅವರ ತಾಯಿಯ ಪರ ನಿಂತವು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಕಡೆ ತೀರ್ಪು ಕೊಟ್ಟಿತು. ಮೊಕದ್ದಮೆಯ ನಡುವೆ ಹಣ ಆ ತಾಯಿಗೆ ಆಗಲೇ ಪಾವತಿಯಾಗಿತ್ತು. ಎಪ್ಪತ್ತು ವರ್ಷದ, ಮಗನನ್ನೇ ನೆಚ್ಚಿಕೊಂಡಿದ್ದ ಆಕೆಯಿಂದ ಅದನ್ನು ವಾಪಸು ವಸೂಲು ಮಾಡಬೇಡಿ ಎಂದೂ ಕೋರ್ಟ್ ಹೇಳಿತು. ಇನ್ನೊಂದು ಪ್ರಕರಣ 2015ರದು. ಬೆನ್ನುಮೂಳೆಯ ತೊಂದರೆ, ಸಯಾಟಿಕ ಇದ್ದದ್ದನ್ನು ಪಾಲಿಸಿದಾರರು ಬರೆದಿರಲಿಲ್ಲ. ಅವರು ಸತ್ತದ್ದು ಹೃದಯದ ಕಾಯಿಲೆಯಿಂದ. ಬೆನ್ನುನೋವಿಗೂ ಆ ಸಾವಿಗೂ ಸಂಬಂಧವಿಲ್ಲ, ಅದು ಜೀವಕ್ಕೆ ಅಪಾಯ ತರುವ ಕಾಯಿಲೆಯೂ ಅಲ್ಲ, ಹಾಗಾಗಿ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕುಟುಂಬದ ಪರ ತೀರ್ಪು ಕೊಟ್ಟಿತು.

ಹಾಗಾದರೆ ಕಂಪನಿ ಎಷ್ಟು ವರ್ಷದವರೆಗೆ ಹಳೆಯ ಫಾರಂ ಕೆದಕಬಹುದು? ಇದಕ್ಕೆ ಉತ್ತರ 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿದೆ. ಪಾಲಿಸಿ ಮಾಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸೆಕ್ಷನ್ ಇದು. 2015ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯ ಪ್ರಕಾರ ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ, ಮೋಸದ ಆರೋಪ ಹೊರಿಸಿಯೂ, ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ ಪ್ರಶ್ನಿಸಿದರೆ ಕಾರಣವನ್ನೂ ಆಧಾರವನ್ನೂ ಬರಹದಲ್ಲಿ ಕೊಡಬೇಕು. ಮೋಸವಿಲ್ಲದೆ ಬರೀ ತಪ್ಪು ಮಾಹಿತಿಯ ಕಾರಣಕ್ಕೆ ಕ್ಲೇಮು ತಿರಸ್ಕರಿಸಿದರೆ, ಕಟ್ಟಿದ ಕಂತುಗಳನ್ನು 90 ದಿನಗಳೊಳಗೆ ಹಿಂತಿರುಗಿಸಬೇಕು. ಅದೇ ಸೆಕ್ಷನ್ನಿನ ವಿವರಣೆಯಲ್ಲಿ ಏಜೆಂಟರ ಬಗ್ಗೆಯೂ ಒಂದು ಮಾತಿದೆ: ವಿಮೆಯ ವ್ಯವಹಾರ ಕುದುರಿಸಿದವರನ್ನು ಕರಾರಿನ ಮಟ್ಟಿಗೆ ಕಂಪನಿಯ ಪ್ರತಿನಿಧಿ ಎಂದೇ ಪರಿಗಣಿಸಬೇಕು. ‘ಶುಗರ್ ಇದೆ ಅಂತ ಹೇಳಿದ್ದೆವು, ಅವರೇ ಬರೆಯಲಿಲ್ಲ’ ಎನ್ನುವ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಹೇಳಿದ್ದಕ್ಕೆ ಪುರಾವೆ ಇರಬೇಕು, ಅಷ್ಟೇ. ಒಂದು ವಾಟ್ಸ್ಆ್ಯಪ್ ಸಂದೇಶವಾದರೂ ಸರಿ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಮೂರು ವರ್ಷದ ಲೆಕ್ಕ ಪಾಲಿಸಿ ಕೊಟ್ಟ ದಿನದಿಂದಲೇ ಇರಬೇಕೆಂದೇನಿಲ್ಲ. ಕಂತು ಕಟ್ಟದೆ ಪಾಲಿಸಿ ನಿಂತುಹೋಗಿ, ಮತ್ತೆ ಜೀವ ಕೊಡಿಸಿದ್ದರೆ ಆ ದಿನದಿಂದ ಲೆಕ್ಕ ಹೊಸದಾಗಿ ಶುರು. ಹಾಗೆ ಜೀವ ಕೊಡಿಸುವಾಗ ಆರೋಗ್ಯದ ಹೊಸ ಘೋಷಣೆಗೂ ಸಹಿ ಹಾಕಬೇಕು. ಪಾಲಿಸಿ ಚಾಲ್ತಿಯಲ್ಲಿರುವಾಗ ಬಂದ ಕಾಯಿಲೆಯನ್ನು ಕಂಪನಿಗೆ ತಿಳಿಸುವ ಅಗತ್ಯವಿಲ್ಲ. ಹದಿನೈದು ವರ್ಷ ತಪ್ಪದೆ ಕಟ್ಟಿ, ನಡುವೆ ಶುಗರ್ ಬಂದು, ಒಂದು ವರ್ಷ ಬಿಟ್ಟು, ಮತ್ತೆ ಶುರು ಮಾಡುವಾಗ ‘ಕಾಯಿಲೆ ಇಲ್ಲ’ ಎಂದು ಬರೆದುಕೊಟ್ಟರೆ ಮಾತ್ರ ಮನೆಯವರು ಹೊಸ ಪಾಲಿಸಿಯವರಷ್ಟೇ ಅತಂತ್ರರಾಗುತ್ತಾರೆ. ಕಂತು ಬಾಕಿ ಬೀಳಲು ಬಿಡಬೇಡಿ ಎಂದು ಹಿರಿಯ ಏಜೆಂಟರು ಪದೇಪದೇ ಹೇಳುವುದು ಇದಕ್ಕೇ.

ಮೆಡಿಕಲ್‌ನಿಂದ ಆಗುವ ಇನ್ನೊಂದು ಉಪಕಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ತಮಗಿದೆ ಎಂದೇ ಗೊತ್ತಿಲ್ಲದವರು ಅವರಲ್ಲಿ ಬಹಳ. ಹುಷಾರಾಗಿದ್ದೇನೆ ಎಂದುಕೊಂಡು ವಿಮೆಗೆ ತೋಳು ಚಾಚಿದವರಿಗೆ ಮೊದಲ ಸಲ ಶುಗರ್, ಕಿಡ್ನಿಯ ತೊಂದರೆ ತಿಳಿಯುವುದು ಎಷ್ಟೋ ಸಲ ಆ ಟ್ಯೂಬುಗಳಿಂದಲೇ. ಅರ್ಜಿ ಮುಂದಕ್ಕೆ ಹೋಯಿತು ಅಥವಾ ತಿರಸ್ಕಾರವಾಯಿತು ಎಂದು ಬೇಜಾರು ಮಾಡಿಕೊಂಡು ಸುಮ್ಮನಾಗುವ ಬದಲು ಕಾರಣ ಕೇಳಬೇಕು, ರಿಪೋರ್ಟಿನ ಪ್ರತಿ ಕೇಳಬೇಕು, ಅದನ್ನು ಹಿಡಿದು ವೈದ್ಯರ ಬಳಿ ಹೋಗಬೇಕು. ಆರು ತಿಂಗಳಲ್ಲಿ ಎಚ್‌ಬಿಎ1ಸಿ ಹತೋಟಿಗೆ ತಂದು ಮತ್ತೆ ಅರ್ಜಿ ಹಾಕಿದರೆ ಅದೇ ಫೈಲಿಗೆ ಬೇರೆ ಉತ್ತರ ಬರಬಹುದು.

ಮುಂದಿನ ಜಗಳ ವಂಶವಾಹಿಯದು. ಯಾವ ಕಾಯಿಲೆಯೂ ಇಲ್ಲದವರ ಜೀನುಗಳಲ್ಲಿ ನಾಳಿನ ಕಾಯಿಲೆಯ ಸುಳಿವಿದ್ದರೆ ಕಂಪನಿ ಅದನ್ನು ಕೇಳಬಹುದೇ? ಅಮೆರಿಕದ 2008ರ ಕಾನೂನು ಆರೋಗ್ಯ ವಿಮೆಗೆ ತಡೆ ಹಾಕಿ ಜೀವ ವಿಮೆಯನ್ನು ಹಾಗೇ ಬಿಟ್ಟಿತು. ಕೆನಡಾ 2017ರಲ್ಲಿ ಪೂರ್ತಿ ತಡೆಯಿತು. ಬ್ರಿಟನ್ನಿನಲ್ಲಿ ಐದು ಲಕ್ಷ ಪೌಂಡಿಗಿಂತ ದೊಡ್ಡ ಜೀವ ವಿಮೆಗೆ, ಅದೂ ಹಂಟಿಂಗ್ಟನ್ ಕಾಯಿಲೆಯ ಬಗ್ಗೆ ಮಾತ್ರ, ಹಳೆಯ ಜೀನ್ ಪರೀಕ್ಷೆಯ ಫಲಿತಾಂಶ ಕೇಳಬಹುದು. ನಮ್ಮಲ್ಲಿ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯವರೊಬ್ಬರ ಆರೋಗ್ಯ ವಿಮೆಯ ಪ್ರಕರಣದಲ್ಲಿ, ಎಲ್ಲ ವಂಶಪಾರಂಪರ್ಯ ತೊಂದರೆಗಳನ್ನೂ ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಸ್ಪಷ್ಟವಾಗಿದೆ: ಮರಣದ ಲೆಕ್ಕಾಚಾರದ ಅಧ್ಯಯನದ ಆಧಾರವಿಲ್ಲದೆ ವಿಮೆ ನಿರಾಕರಿಸುವಂತಿಲ್ಲ, ಪರೀಕ್ಷೆಗೆ ವಿಷಯ ತಿಳಿದು ಕೊಟ್ಟ ಒಪ್ಪಿಗೆ ಬೇಕು. ಜೀವ ವಿಮೆ ಮತ್ತು ಜೀನುಗಳ ಬಗ್ಗೆ ಇಷ್ಟೇ ಸ್ಪಷ್ಟವಾದ ಕಾನೂನು ಇಲ್ಲಿಗೂ ಬೇಗ ಬರಬೇಕು. ಯಾರೂ ಆರಿಸಿಕೊಳ್ಳದ ತಂದೆತಾಯಿಯ ಜೀನಿಗಾಗಿ ಹೆಚ್ಚು ಕಂತು ಕೇಳುವುದಕ್ಕೂ, ಒಂದು ಕಾಲದಲ್ಲಿ ಭಾರತೀಯನೆಂಬ ಕಾರಣಕ್ಕೆ ಹೆಚ್ಚು ಕೇಳಿದ್ದಕ್ಕೂ ದೂರ ಬಹಳವಿಲ್ಲ.

ಪಾಲಿಸಿಯ ಕಟ್ಟು ಕೈಗೆ ಬಂದ ದಿನ ಮಾಡಬೇಕಾದ ಕೆಲಸ ಇಷ್ಟು. ಅದರ ಜೊತೆ ಪ್ರಪೋಸಲ್ ಫಾರಂನ ಪ್ರತಿ ಇರುತ್ತದೆ, ಇಲ್ಲದಿದ್ದರೆ ಕೇಳಿ ಪಡೆಯಬೇಕು. ಆರೋಗ್ಯದ ಪುಟವನ್ನು ಮನೆಯವರ ಜೊತೆ ಕೂತು ಓದಬೇಕು. ನುಂಗುತ್ತಿರುವ ಮಾತ್ರೆ, ಹಳೆಯ ಆಪರೇಷನ್, ಕವಳದ ಹೊಗೆಸೊಪ್ಪು, ಬೇರೆ ಕಂಪನಿಗಳಲ್ಲಿರುವ ಪಾಲಿಸಿ, ಹಿಂದೆ ತಿರಸ್ಕಾರವಾದ ಅರ್ಜಿ ಎಲ್ಲವೂ ಇದೆಯೇ ಎಂದು ನೋಡಬೇಕು. ತಪ್ಪು ಕಂಡರೆ ಶಾಖೆಗೆ ಬರಹದಲ್ಲಿ ಕೊಟ್ಟು, ಮುಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಬೇಕು. ಷರತ್ತು ಒಪ್ಪಿಗೆಯಾಗದಿದ್ದರೆ ವಾಪಸು ಮಾಡಲು 30 ದಿನ ಅವಕಾಶವಿದೆ. ಮೆಡಿಕಲ್‌ನ ಖರ್ಚು, ಸ್ಟ್ಯಾಂಪಿನ ಹಣ, ಅಷ್ಟು ದಿನದ ರಿಸ್ಕಿನ ಹಣ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮುಂದೆ ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ದೂರು ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ 50 ಲಕ್ಷದವರೆಗಿನ ವ್ಯಾಜ್ಯವನ್ನು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಯ್ಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.